ನಾಗಪುರದ ಸೆಕೆ: ಓಟ ನಿಧಾನವಿರಲಿ

ಬೆಂಗಳೂರು, ಧಾರವಾಡದ ತಂಪಿನಿಂದ ಸೀತಾಬರ್ಡಿಗೆ ಬಂದವರು ಗಮನಿಸಿ. ನಾಗ್ ನದಿ ಬದಿಯ ಮಹಾರಾಜ್‌ಬಾಗ್‌ನಲ್ಲಿ ಬೆಳಗಿನ ಓಟ ಒಳ್ಳೆಯದೇ. ಆದರೆ ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 45 ಡಿಗ್ರಿ ಮುಟ್ಟುತ್ತದೆ.

✅ ಹೊಸ ಸೆಕೆಗೆ ದೇಹ ಒಗ್ಗಲು 1–2 ವಾರ ಬೇಕು. ಬೇಗ ಬೆವರಿ ಮೈ ತಂಪಾಗಿಸುವುದನ್ನು ದೇಹ ಕಲಿಯುವುದು ಆಗಲೇ. ಅಲ್ಲಿಯವರೆಗೆ 15 ನಿಮಿಷ ಸಾಕು: 1 ನಿಮಿಷ ಓಟ, 2 ನಿಮಿಷ ನಡಿಗೆ.

✅ ಓಡುತ್ತಾ ಮಾತಾಡಲು ಆಗದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ.

✅ ಸೂರ್ಯ ಏರುವ ಮೊದಲೇ ಮುಗಿಸಿ. ನೀರು, ಮಜ್ಜಿಗೆ ಕುಡಿಯಿರಿ.

⚠️ ತಲೆ ಸುತ್ತಿದರೆ, ವಾಕರಿಕೆ ಬಂದರೆ ನೆರಳಲ್ಲಿ ಕೂರಿ. ಮಾತು ತೊದಲಿದರೆ, ಗೊಂದಲವಾದರೆ ಅದು ಇಲ್ಲಿಯವರು ‘ಲೂ’ ಎನ್ನುವ ಬಿಸಿಲಿನ ಹೊಡೆತ ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಮೈಗೆ ನೀರು ಸುರಿದು ಗಾಳಿ ಹಾಕಿ.

ಊರಿನಿಂದ ಹೊಸದಾಗಿ ಬಂದವರಿಗೂ ತಿಳಿಸಿ 🙏