ಊತದ ಸೂಜಿಮದ್ದು: ಚುಚ್ಚಿಸಿಕೊಳ್ಳುವ ಮುನ್ನ ಎದೆ ಪರೀಕ್ಷೆ



ದುಡಿದ ಮೈಗೆ ಕೀಲುನೋವು ಹೊಸದಲ್ಲ. ಆದರೆ ಕೆಲವರಲ್ಲಿ ಯಾವ ರೋಗಾಣುವೂ ಇಲ್ಲದೆ, ದೇಹದ ಕಾವಲು ಶಕ್ತಿಯೇ ತನ್ನ ಮೈಯ ಮೇಲೆ ತಿರುಗಿಬಿದ್ದು ಊತವನ್ನುಂಟುಮಾಡುತ್ತದೆ. ಮಕ್ಕಳಿಗೆ ಬರುವ ಸಂಧಿವಾತ, ಕಣ್ಣಿನ ನಡುಪದರದ ಉರಿಯೂತ, ಬೆನ್ನುಮೂಳೆ ಬಿಗಿದುಕೊಳ್ಳುವ ರೋಗ ಇವು ಈ ಜಾತಿಯವು. ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಆಸ್ಪತ್ರೆಗಳಿಗೆ ಹೋಗಿಬರುವ ನಮ್ಮವರಲ್ಲಿ ಇಂಥ ರೋಗಿಗಳೂ ಇರುತ್ತಾರೆ. ಮಾತ್ರೆಗಳಿಗೆ ಬಗ್ಗದ ಊತಕ್ಕೆ ವೈದ್ಯರು ಅಡಾಲಿಮುಮ್ಯಾಬ್ ಎಂಬ ಸೂಜಿಮದ್ದನ್ನು ಸಾಮಾನ್ಯವಾಗಿ 14 ದಿನಕ್ಕೊಮ್ಮೆ ಕೊಡುವುದುಂಟು. ಒಳ್ಳೆಯ ಮದ್ದು. ಆದರೆ ಇದರ ಗುಣದಲ್ಲೇ ಒಂದು ಅಪಾಯ ಅಡಗಿದೆ.

ಊತವನ್ನು ಕೆರಳಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನು ಈ ಮದ್ದು ತಡೆಯುತ್ತದೆ. ಅದೇ ವಸ್ತುವಿಗೆ ಇನ್ನೊಂದು ಕೆಲಸವೂ ಉಂಟು. ಕ್ಷಯದ ರೋಗಾಣು ಎಂದೋ ಒಳಹೊಕ್ಕಿದ್ದರೆ, ಅದರ ಸುತ್ತ ಬೇಲಿ ಕಟ್ಟಿ ಏಳದಂತೆ ಕಾಯುವುದು. ಅಂಥವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಸೂಜಿಮದ್ದು ಈ ಬೇಲಿಯನ್ನು ಸಡಿಲಿಸಿದರೆ ಮಲಗಿದ್ದ ಕ್ಷಯ ಎದ್ದೀತು.

ಇದು ನಮ್ಮ ಸೀಮೆಗೆ ದೂರದ ಮಾತಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪರೀಕ್ಷಿಸಿದರು. ರೋಗವಿಲ್ಲದಿದ್ದರೂ ರೋಗಾಣು ಹೊಕ್ಕವರು ಹಳ್ಳಿಗಳಲ್ಲಿ ಎಷ್ಟೋ ಮಂದಿ ಇರುತ್ತಾರೆಂಬುದು ಇಂಥ ಪರೀಕ್ಷೆಗಳಿಂದ ತಿಳಿದ ಸಂಗತಿ.

ಆದುದರಿಂದ ಮೊದಲ ಸೂಜಿಗೆ ಮುಂಚೆ ಎದೆಯ ಎಕ್ಸ್‌ರೇ, ಕ್ಷಯಕ್ಕಾಗಿ ಚರ್ಮದ ಅಥವಾ ರಕ್ತದ ಪರೀಕ್ಷೆ, ಕಾಮಾಲೆ ಬಿ ಪರೀಕ್ಷೆ ಆಗತಕ್ಕದ್ದು. ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಸಂಬಂಧ ಕುದುರುವುದಿಲ್ಲವೆಂದು ಮುಚ್ಚಿಡುವವರನ್ನು ನಾವು ಬಲ್ಲೆವು. ಇಲ್ಲಿ ಆ ಮರೆಮಾಚುವಿಕೆ ಪ್ರಾಣಕ್ಕೇ ಬರುತ್ತದೆ. ಮಲಗಿದ ಕ್ಷಯ ಕಂಡುಬಂದರೆ ಅದನ್ನು ತಡೆಯುವ ಮಾತ್ರೆಗಳು ಸರ್ಕಾರದಿಂದ ಉಚಿತವಾಗಿ ದೊರೆಯುತ್ತವೆ. ಸಾಮಾನ್ಯವಾಗಿ ಒಂದು ತಿಂಗಳಾದರೂ ಅವನ್ನು ನುಂಗಿದ ಮೇಲೆಯೇ ಸೂಜಿಮದ್ದನ್ನು ಆರಂಭಿಸುತ್ತಾರೆ. ಸೂಜಿ ಶುರುವಾಯಿತೆಂದು ಮಾತ್ರೆಗಳನ್ನು ನಡುವೆ ಬಿಡಲಾಗದು.

ಆರಂಭದಲ್ಲಿ ಪರೀಕ್ಷೆ ಸರಿಯಿದ್ದರೂ ಎಚ್ಚರ ತಪ್ಪಬಾರದು. ಸಂಜೆ ಸಂಜೆ ಜ್ವರ, ಎರಡು ವಾರ ಮೀರಿದ ಕೆಮ್ಮು, ರಾತ್ರಿ ಬೆವರು, ತೂಕ ಇಳಿಯುವುದು, ಕುತ್ತಿಗೆಯಲ್ಲಿ ಗಂಟು ಇವುಗಳಲ್ಲಿ ಒಂದು ಕಂಡರೂ ಮುಂದಿನ ಸೂಜಿಯನ್ನು ಚುಚ್ಚಿಸಿಕೊಳ್ಳದೆ ಮೊದಲು ವೈದ್ಯರನ್ನು ಕಾಣಿರಿ. ಊರಿನಲ್ಲೇ ಜ್ವರಕ್ಕೊಂದು ಇಂಜೆಕ್ಷನ್ ಹಾಕಿಸಿಕೊಂಡು ಗದ್ದೆಗೆ ಇಳಿಯುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಬೇರೆ ಯಾವ ವೈದ್ಯರಲ್ಲಿಗೆ ಹೋದರೂ ಈ ಮದ್ದಿನ ಖಾಲಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಹೋಗಿರಿ. ಹೆಸರನ್ನು ಬಾಯಲ್ಲಿ ಹೇಳುವುದು ಯಾರಿಗೂ ಸುಲಭವಲ್ಲ.

ಕೊಟ್ಟಿಗೆಯ ವಿಷಯವೂ ಇದೆ. ಹಸಿಹಾಲು ಕುಡಿಯಬಾರದು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆಯುವ ಕೆಲಸ ಈ ಮದ್ದು ಪಡೆಯುವವರದಲ್ಲ. ಹೆಣ್ಣುಕರುಗಳಿಗೆ ಕಂದುರೋಗದ ಲಸಿಕೆ ಹಾಕುವಾಗ ಕರುವನ್ನು ಹಿಡಿಯಲು ಮನೆಯ ಬೇರೊಬ್ಬರು ನಿಲ್ಲಲಿ. ಅದು ಜೀವವಿರುವ ರೋಗಾಣುವಿನಿಂದ ಮಾಡಿದ ಲಸಿಕೆ.

ಮದ್ದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬೆಂಗಳೂರಿನಿಂದ ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಕರೆಂಟು ಹೋಗಿ ಫ್ರಿಜ್ಜು ಬಹಳ ಹೊತ್ತು ನಿಂತಿದ್ದರೆ ಔಷಧಿ ಅಂಗಡಿಯವರನ್ನು ಕೇಳದೆ ಬಳಸಬೇಡಿ. ಚುಚ್ಚುವ ಮುನ್ನ ಕಾಲು ಗಂಟೆಯಿಂದ ಅರ್ಧ ಗಂಟೆ ಹೊರಗಿಟ್ಟರೆ ಉರಿ ಕಡಿಮೆ. ತೊಡೆಯ ಮುಂಭಾಗ ಅಥವಾ ಹೊಕ್ಕುಳಿಂದ ಎರಡಂಗುಲ ಆಚೆ, ಪ್ರತಿಸಲವೂ ಜಾಗ ಬದಲಿಸಿ. ಒಂದು ಸೂಜಿ ತಪ್ಪಿತೆಂದು ಎರಡನ್ನು ಒಟ್ಟಿಗೆ ಹಾಕಿಸಿಕೊಳ್ಳಬಾರದು.

ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆದರೆ, ಗೊಬ್ಬರ ಹರಡುವವರ ಬರಿಗಾಲಿಗೆ ಅದು ಚುಚ್ಚುತ್ತದೆ. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟು, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅಲ್ಲಿಗೇ ಒಪ್ಪಿಸಿ.