ಫ್ಲ್ಯಾಟಿನ ಲಾಭದ ಲೆಕ್ಕದಲ್ಲಿ ಹೊರಗೋಡೆಗೂ ಒಂದು ಸಾಲಿರಲಿ

ದುಬೈಯಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟ ಗೆಳೆಯರು ನನಗೆ ಕಳಿಸುವ ಎಕ್ಸೆಲ್ ಹಾಳೆಗಳಲ್ಲಿ ಬೆಲೆ, ಬಾಡಿಗೆ, ಸಾಲದ ಬಡ್ಡಿ ಎಲ್ಲ ಇರುತ್ತವೆ. ಕಟ್ಟಡದ ಹೊರಗೋಡೆಗೆ ಏನು ಹೊದಿಸಿದ್ದಾರೆ ಎಂಬುದು ಮಾತ್ರ ಇರುವುದಿಲ್ಲ. ಇಂದಿನ ಪಾಠ ಅದರ ಬಗ್ಗೆ.

ಅಲ್ ನಹ್ದಾದಲ್ಲಿ ಆದದ್ದು

ಅಲ್ ನಹ್ದಾ ದುಬೈ-ಶಾರ್ಜಾ ಗಡಿಯ ಎರಡೂ ಬದಿಗೆ ಹರಡಿದೆ. 2020ರ ಮೇ 5ರ ರಾತ್ರಿ ಶಾರ್ಜಾ ಬದಿಯ ಅಬ್ಕೋ ಟವರ್‌ಗೆ ಬೆಂಕಿ ಹತ್ತಿತು. ನಲವತ್ತಕ್ಕೂ ಹೆಚ್ಚು ಮಹಡಿಗಳ ಕಟ್ಟಡದ ಹೊರಮೈ ಹಿಡಿದು ಜ್ವಾಲೆ ಮೇಲೇರಿತು. ಯಾರೂ ಸಾಯಲಿಲ್ಲ. ಆದರೆ ಕೊರೊನಾ ಕಾಲದಲ್ಲಿ ನೂರಾರು ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಹೊರಬಂದವು.

ಇಂಥ ಕ್ಲ್ಯಾಡಿಂಗ್ ಹಾಳೆ ಸಾಮಾನ್ಯವಾಗಿ 4 ಮಿ.ಮೀ. ದಪ್ಪ. ಎರಡು ತೆಳು ಅಲ್ಯೂಮಿನಿಯಂ ತಗಡುಗಳ ನಡುವೆ ಪ್ಲಾಸ್ಟಿಕ್ಕಿನ ತಿರುಳು. ಆ ತಿರುಳು ಪಾಲಿಥಿಲೀನ್ ಆಗಿದ್ದರೆ, ತೂಕಕ್ಕೆ ತೂಕ ಹೋಲಿಸಿದಾಗ ಹೆಚ್ಚುಕಡಿಮೆ ಪೆಟ್ರೋಲಿನಷ್ಟೇ ಶಾಖ ಕೊಡುತ್ತದೆ. ಖನಿಜ ತುಂಬಿದ ತಿರುಳಾದರೆ ಉರಿಯುವುದು ಬಹಳ ಕಡಿಮೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ!

ದುಡ್ಡು ಯಾರ ಕಿಸೆಯಿಂದ?

ಯುಎಇ ತನ್ನ ಅಗ್ನಿ ಸುರಕ್ಷತಾ ಸಂಹಿತೆಯನ್ನು 2017ರಲ್ಲಿ ಬಿಗಿಗೊಳಿಸಿತು. ಹಾಗೆಂದು ಹಳೆಯ ಹೊದಿಕೆ ತಾನಾಗಿ ಕಳಚಿ ಬೀಳುವುದಿಲ್ಲ. ಶಾರ್ಜಾ ಸರಕಾರ 2023ರಲ್ಲಿ ಮೊದಲ ಹಂತದ 40 ಕಟ್ಟಡಗಳಿಗೆ 10 ಕೋಟಿ ದಿರ್ಹಮ್ ತೆಗೆದಿರಿಸಿತು. ಎಲ್ಲ ಕಡೆ ಹೀಗೆ ಆಗುತ್ತದೆಂದು ಭಾವಿಸಬೇಡಿ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರಲ್ಲಿ 72 ಜನ ಸತ್ತ ಮೇಲೆ, ಸುರಕ್ಷತಾ ದಾಖಲೆ ಇಲ್ಲದ ಎಷ್ಟೋ ಫ್ಲ್ಯಾಟುಗಳಿಗೆ ಬ್ಯಾಂಕುಗಳು ಸಾಲ ಕೊಡಲೇ ಇಲ್ಲ. ಮಾಲೀಕರು ಮಾರಲೂ ಆಗದೆ, ದುರಸ್ತಿಯ ಬಿಲ್ ಕಟ್ಟಲೂ ಆಗದೆ ಕುಳಿತರು. 2022ರ ಕಾನೂನು ಬಂದಮೇಲಷ್ಟೇ ಬಹಳ ಜನರಿಗೆ ರಕ್ಷಣೆ ಸಿಕ್ಕಿತು.

ಒಂದು ಉದಾಹರಣೆ

ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. ಫ್ಲ್ಯಾಟಿನ ಬೆಲೆ 6,00,000 ದಿರ್ಹಮ್, ವರ್ಷದ ಬಾಡಿಗೆ 45,000, ಸರ್ವಿಸ್ ಚಾರ್ಜ್ 9,000. ಕೈಗೆ ಬರುವುದು 36,000, ಅಂದರೆ ಶೇ. 6.

ಈಗ ಹೊದಿಕೆ ಬದಲಿಸಲು 1.2 ಕೋಟಿ ದಿರ್ಹಮ್ ಬೇಕು, ಕಟ್ಟಡದ ರಿಸರ್ವ್ ಫಂಡ್‌ನಲ್ಲಿ 40 ಲಕ್ಷ ಇದೆ ಎನ್ನಿ. ಉಳಿದ 80 ಲಕ್ಷವನ್ನು ಒಂದೇ ಅಳತೆಯ 200 ಫ್ಲ್ಯಾಟುಗಳು ಹಂಚಿಕೊಂಡರೆ ತಲಾ 40,000. ನಿಮ್ಮ ಒಂದು ವರ್ಷದ ನಿವ್ವಳ ಆದಾಯ ಪೂರ್ತಿ ಹೋಗಿ, ಮೇಲೆ 4,000 ಕೈಯಿಂದ ಹಾಕಬೇಕು. ಐದು ವರ್ಷ ಇಟ್ಟುಕೊಂಡರೆ ಸರಾಸರಿ ಲಾಭ ಶೇ. 6ರಿಂದ ಸುಮಾರು ಶೇ. 4.7ಕ್ಕೆ ಇಳಿಯುತ್ತದೆ.

ಮುಂಗಡ ಕೊಡುವ ಮುನ್ನ ಕೇಳಿ

1. ಕ್ಲ್ಯಾಡಿಂಗ್ ತಿರುಳು ಯಾವುದು? ಪರೀಕ್ಷಾ ಪ್ರಮಾಣಪತ್ರ ತೋರಿಸುತ್ತೀರಾ?
2. ರಿಸರ್ವ್ ಫಂಡ್‌ನಲ್ಲಿ ಎಷ್ಟಿದೆ? ದೊಡ್ಡ ದುರಸ್ತಿ ಏನಾದರೂ ಬಾಕಿ ಇದೆಯೇ?
3. ಕಟ್ಟಡದ ವಿಮೆ ಯಾವ ಮೊತ್ತಕ್ಕೆ ಇದೆ? ಹೊರಗೋಡೆಯ ಬಗ್ಗೆ ಷರತ್ತುಗಳಿವೆಯೇ?
4. ಅಲಾರಂ, ಸ್ಪ್ರಿಂಕ್ಲರ್ ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ?

ನಾಲ್ಕನೆಯದನ್ನು ಬಿಡಬೇಡಿ. 2024ರ ಏಪ್ರಿಲ್‌ನಲ್ಲಿ ಅಲ್ ನಹ್ದಾದ ಇನ್ನೊಂದು ವಸತಿ ಕಟ್ಟಡದ ಬೆಂಕಿಯಲ್ಲಿ 5 ಜನ ಪ್ರಾಣ ಕಳೆದುಕೊಂಡರು. ಹೊದಿಕೆ ಸರಿಯಿದ್ದರೆ ಸಾಲದು, ಹೊಗೆಯಿಂದ ತಪ್ಪಿಸಿಕೊಳ್ಳಲು ದಾರಿಯೂ ಬೇಕು. ಬೆಂಗಳೂರಿನಲ್ಲಿ ಕೊಳ್ಳುವವರೂ ಇವೇ ಪ್ರಶ್ನೆ ಕೇಳಬಹುದು. ಅಲ್ಲಿ ರಿಸರ್ವ್ ಫಂಡ್ ಬದಲು ಕಾರ್ಪಸ್ ಫಂಡ್ ಎನ್ನುತ್ತಾರೆ ಅಷ್ಟೆ.

ಬಾಡಿಗೆಗಿರುವವರಿಗೆ ಒಂದು ಮಾತು: ಮಾಲೀಕರ ಕಟ್ಟಡ ವಿಮೆ ನಿಮ್ಮ ಸಾಮಾನಿಗೆ ಅನ್ವಯಿಸುವುದಿಲ್ಲ. ಮನೆಸಾಮಾನಿನ ವಿಮೆಯನ್ನು ನೀವೇ ಮಾಡಿಸಬೇಕು. ಪಾಲಿಸಿಯಲ್ಲಿ ತಾತ್ಕಾಲಿಕ ವಸತಿಯ ಖರ್ಚೂ ಸೇರಿದೆಯೇ ಎಂದು ನೋಡಿಕೊಳ್ಳಿ. ಪಾಸ್‌ಪೋರ್ಟ್, ಅಂಕಪಟ್ಟಿಗಳ ಪ್ರತಿಗಳನ್ನು ಮನೆಯಿಂದ ಹೊರಗೆ ಇನ್ನೊಂದು ಕಡೆಯೂ ಇಟ್ಟಿರಿ.