ಕೈಕಾಗದದ ಶುಭಾಶಯ ಪತ್ರಗಳಿಗೆ ಹೊಲಿಗೆ ಯಂತ್ರದ ಚಿತ್ತಾರ

ಅರಸೀಕೆರೆ ಸೀಮೆ ತೆಂಗು, ರಾಗಿಗಳಿಗೂ ಬೇಲೂರು ಸೀಮೆ ಕಾಫಿ, ಮೆಣಸು, ಭತ್ತಗಳಿಗೂ ಹೆಸರಾಗಿವೆ. ಕೊಯ್ಲು, ಒಕ್ಕಣೆ ಮುಗಿದ ಮೇಲೆ ಈ ಭಾಗದ ರೈತ ಕುಟುಂಬದ ಮಹಿಳೆಯರಿಗೆ ಕೆಲವು ವಾರಗಳ ಬಿಡುವು ಸಿಗುತ್ತದೆ. ಅನೇಕ ಮನೆಗಳಲ್ಲಿ ಹೊಲಿಗೆ ಯಂತ್ರವೂ ಇರುತ್ತದೆ. ಇವೆರಡನ್ನೂ ಬಳಸಿಕೊಂಡು ಕೈಕಾಗದದ ಶುಭಾಶಯ ಪತ್ರಗಳನ್ನು ತಯಾರಿಸಿ ಉಪ ಆದಾಯ ಗಳಿಸಬಹುದಾಗಿದೆ. ಆದರೆ ಬಟ್ಟೆ ಹೊಲಿದು ರೂಢಿಯಾದ ಕೈ ಕಾಗದಕ್ಕೆ ಒಗ್ಗಬೇಕಾದರೆ ಕೆಲವು ವಿಷಯಗಳನ್ನು ಮೊದಲೇ ತಿಳಿದಿರಬೇಕು.

ಬಟ್ಟೆಗೂ ಕಾಗದಕ್ಕೂ ಇರುವ ವ್ಯತ್ಯಾಸ

ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ನುಸುಳುತ್ತದೆ. ತಪ್ಪಿದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದು. ಕಾಗದದಲ್ಲಿ ಸೂಜಿ ಮಾಡಿದ ತೂತು ಶಾಶ್ವತ. ತೂತುಗಳು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಹಾಳೆಯಂತೆ ಆ ಸಾಲಿನಲ್ಲೇ ಕಾಗದ ಹರಿದುಬರುತ್ತದೆ. ಆದುದರಿಂದ ಹೊಲಿಗೆ ಉದ್ದವಾಗಿರಬೇಕು, ಗೆರೆಗಳ ನಡುವೆ ಅಂತರವಿರಬೇಕು ಮತ್ತು ಒಮ್ಮೆ ಹೊಲಿದ ಜಾಗದಲ್ಲಿ ಮತ್ತೆ ಹೊಲಿಯಬಾರದು. ಉಳಿದೆಲ್ಲ ಸೂಚನೆಗಳೂ ಇದನ್ನೇ ಅವಲಂಬಿಸಿವೆ.

ಕಾಗದದ ಆಯ್ಕೆ

ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ಈ ಕೆಲಸಕ್ಕೆ ಉತ್ತಮ. ಚಿಂದಿಯನ್ನು ನೀರಿನಲ್ಲಿ ಅರೆದು ತಿರುಳು ಮಾಡಿ, ಜರಡಿಯಂಥ ಚೌಕಟ್ಟಿನಲ್ಲಿ ಎತ್ತಿ, ಒತ್ತಿ ಒಣಗಿಸುತ್ತಾರೆ. ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಳ್ಳುವುದರಿಂದ ಗಿರಣಿ ಕಾಗದದ ಹಾಗೆ ಒಂದೇ ದಿಕ್ಕಿಗೆ ಸುಲಭವಾಗಿ ಸೀಳುವುದಿಲ್ಲ.

ತೆಂಗಿನ ನಾರಿನಿಂದಲೇ ಕಾಗದ ಮಾಡಬಾರದೇಕೆ ಎಂದು ಅರಸೀಕೆರೆಯ ರೈತರು ಕೇಳಬಹುದು. ಈ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ವಸ್ತು ಶೇ. 40ಕ್ಕೂ ಹೆಚ್ಚಾಗಿರುತ್ತದೆ. ಇದರಿಂದ ಕಾಗದ ಪೆಡಸಾಗುವುದಲ್ಲದೆ ಬಿಸಿಲಿಗೆ ಬಣ್ಣಗೆಡುತ್ತದೆ. ನವಿರಾದ ಎಳೆಗಳನ್ನು ಅಲಂಕಾರಕ್ಕೆಂದು ಹತ್ತಿಯ ತಿರುಳಿಗೆ ಅಲ್ಪ ಪ್ರಮಾಣದಲ್ಲಿ ಸೇರಿಸಬಹುದು. ಬಾಳೆ ದಿಂಡಿನ ನಾರು ಇದಕ್ಕಿಂತ ಮೇಲು. ಆದರೆ ತಿರುಳು ಅರೆಯುವ ಯಂತ್ರಕ್ಕೆ ಬಂಡವಾಳ ಬೇಕು. ಆರಂಭದಲ್ಲಿ ಹಾಳೆಗಳನ್ನು ಕೊಂಡು ತರುವುದೇ ಲೇಸು.

ಪತ್ರಕ್ಕೆ ಚದರ ಮೀಟರಿಗೆ 200ರಿಂದ 250 ಗ್ರಾಂ ತೂಗುವ ಹಾಳೆ ಬೇಕು. 56×76 ಸೆಂ.ಮೀ. ಅಳತೆಯ ಹಾಳೆಯಲ್ಲಿ 40 ಸೆಂ.ಮೀ. ಅಗಲದ ಪಟ್ಟಿಯಿಂದ 10, ಉಳಿದ 16 ಸೆಂ.ಮೀ. ಪಟ್ಟಿಯಿಂದ 3, ಹೀಗೆ 15×20 ಸೆಂ.ಮೀ. ಅಳತೆಯ 13 ತುಂಡುಗಳು ದೊರೆಯುತ್ತವೆ. ಹಾಳೆಯ ಅಂಚು ಒರಟಾಗಿದ್ದರೆ ಒಂದೆರಡು ಕಡಿಮೆಯಾಗಬಹುದು. ತುಂಡನ್ನು ನಡುವೆ ಮಡಿಸಿದರೆ 10×15 ಸೆಂ.ಮೀ. ಪತ್ರವಾಗುತ್ತದೆ.

ಯಂತ್ರದ ಸಿದ್ಧತೆ

1. ನಿಧಾನವಾಗಿ ನಡೆಸಲು ಕಾಲಿನಿಂದ ತುಳಿಯುವ ಯಂತ್ರವೇ ಅನುಕೂಲ.

2. 11 ಅಥವಾ 14ನೇ ನಂಬರಿನ ಹೊಸ ಸೂಜಿ ಬಳಸಿರಿ. ಕಾಗದ ಸೂಜಿಯನ್ನು ಬೇಗ ಮೊಂಡು ಮಾಡುತ್ತದೆ. ಆದುದರಿಂದ ಕಾಗದಕ್ಕೆಂದೇ ಬೇರೆ ಸೂಜಿ ಇಟ್ಟು, ತೂತು ಒರಟಾದೊಡನೆ ಬದಲಾಯಿಸಿರಿ.

3. ಹೊಲಿಗೆಯ ಉದ್ದ 3 ಮಿ.ಮೀ. ಇರಲಿ. ರದ್ದಿ ಕಾಗದದಲ್ಲಿ ಹೊಲಿದು, 12 ಮಿ.ಮೀ.ಗೆ ನಾಲ್ಕೇ ಹೊಲಿಗೆ ಬೀಳುತ್ತವೆಯೇ ಎಂದು ಅಳೆದು ನೋಡಿರಿ.

4. ಮೇಲಿನ ದಾರದ ಬಿಗಿತವನ್ನೂ ಕಾಲೊತ್ತಿನ ಭಾರವನ್ನೂ ಸ್ವಲ್ಪ ಸಡಿಲಿಸಿರಿ. ಬಿಗಿತ ಹೆಚ್ಚಾದರೆ ದಾರವೇ ಕಾಗದವನ್ನು ಸೀಳುತ್ತದೆ.

5. ಎಣ್ಣೆ ಬಿಟ್ಟ ಮೇಲೆ ಹಳೆಯ ಬಟ್ಟೆಯಲ್ಲಿ ಹೊಲಿದು ಜಿಡ್ಡು ತೆಗೆಯಿರಿ. ಸೂಜಿ ತಟ್ಟೆಯ ಕೆಳಗೆ ಸೇರುವ ಕಾಗದದ ಧೂಳನ್ನು ದಿನವೂ ಕುಂಚದಿಂದ ಗುಡಿಸಿರಿ.

ಚಿತ್ತಾರಗಳು

ಮಾದರಿಗಳಿಗಾಗಿ ದೂರ ಹೋಗಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ, ಸುಮಾರು 1220ರ ಅರಸೀಕೆರೆಯ ಈಶ್ವರ ದೇವಾಲಯ ಈ ಮೂರೂ ಹತ್ತಿರದಲ್ಲಿವೆ. ಹಳೇಬೀಡಿನ ತಳಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ, ಮಕರ, ಹಂಸಗಳ ಸಾಲುಗಳಿವೆ. ಆದರೆ ಶಿಲ್ಪದ ಸೂಕ್ಷ್ಮ ಕೆತ್ತನೆಯನ್ನು ಹಾಗೆಯೇ ಹೊಲಿಯಲು ಹೊರಟರೆ ಕಾಗದ ಉಳಿಯದು. ಬಳ್ಳಿಯ ಒಂದು ಅಲೆ, ಹಂಸದ ಹೊರಗೆರೆ, ಅರಸೀಕೆರೆಯ ಮಂಟಪದ ನಕ್ಷತ್ರದ ವಿನ್ಯಾಸ ಇಂಥ ಎಡೆಬಿಡದ ಗೆರೆಗಳನ್ನು ಮಾತ್ರ ಆರಿಸಿರಿ. ಕೈಯಿಂದ ಚಿತ್ರ ಬರೆದುಕೊಳ್ಳಿರಿ. ಶಿಲ್ಪದ ಮೇಲೆ ಕಾಗದ ಒತ್ತಿ ಪಡಿಯಚ್ಚು ತೆಗೆಯಬಾರದು.

ಎಂಟು ಮೂಲೆಯ ನಕ್ಷತ್ರ ಹೊಲಿಯುವ ಕ್ರಮ

ಮೊದಲ ಪಾಠಕ್ಕೆ ಇದು ಸೂಕ್ತ. 4.1 ಸೆಂ.ಮೀ. ಬದಿಯ ಎರಡು ಚೌಕಗಳನ್ನು ದಪ್ಪ ಕಾಗದದಲ್ಲಿ ಕತ್ತರಿಸಿರಿ. ಎರಡರ ನಡುವನ್ನೂ ಗುಂಡುಸೂಜಿಯಿಂದ ಸೇರಿಸಿ, ಎಂಟು ಮೂಲೆಗಳೂ ಸಮವಾಗಿ ಹೊರಚಾಚುವಂತೆ ಒಂದನ್ನು ತಿರುಗಿಸಿರಿ. ಹೊರಗೆರೆಯನ್ನು ಇನ್ನೊಂದು ರಟ್ಟಿನ ಮೇಲೆ ಎಳೆದುಕೊಂಡರೆ ಅಚ್ಚು ಸಿದ್ಧ. ಇದರಲ್ಲಿ 12 ಮಿ.ಮೀ. ಉದ್ದದ 16 ಗೆರೆಗಳೂ, ಹೊರಗೆ 8, ಒಳಗೆ 8 ಮೂಲೆಗಳೂ ಇರುತ್ತವೆ. ಪ್ರತಿ ಗೆರೆಗೆ ನಾಲ್ಕು ಹೊಲಿಗೆಯಾದುದರಿಂದ ಸೂಜಿ ಸರಿಯಾಗಿ ಮೂಲೆಯಲ್ಲೇ ಇಳಿಯುತ್ತದೆ.

ಮಡಿಸುವ ಮೊದಲು, ಅಚ್ಚನ್ನು ಪತ್ರದ ಮುಖದ ಮೇಲಿಟ್ಟು ಹದಿನಾರು ಮೂಲೆಗಳನ್ನೂ ಗುಂಡುಸೂಜಿಯಿಂದ ಚುಚ್ಚಿರಿ. ಪೆನ್ಸಿಲ್ ಗುರುತು ಬೇಕಾಗುವುದಿಲ್ಲ. ಮುಖವನ್ನು ಮೇಲೆ ಮಾಡಿಯೇ ಹೊಲಿಯಬೇಕು. ಸೂಜಿ ಒಳಹೋಗುವ ಬದಿ ಚೊಕ್ಕಟವಾಗಿದ್ದು, ಹೊರಬರುವ ಬದಿಯಲ್ಲಿ ಕಾಗದ ಉಬ್ಬುತ್ತದೆ. ಮೊದಲಿಗೆ 10 ಸೆಂ.ಮೀ. ದಾರ ಬಿಟ್ಟು ಆರಂಭಿಸಿರಿ. ಮೂಲೆ ಬಂದಾಗ ಕೈಚಕ್ರ ತಿರುಗಿಸಿ ಸೂಜಿಯನ್ನು ಕಾಗದದೊಳಗೇ ಇಳಿಸಿಟ್ಟು, ಕಾಲೊತ್ತನ್ನು ಎತ್ತಿ ಕಾಗದ ತಿರುಗಿಸಿರಿ. ಕೊನೆಯಲ್ಲಿ ಹಿಮ್ಮುಖ ಹೊಲಿಗೆ ಹಾಕದೆ, ದಾರಗಳನ್ನು ಹಿಂಬದಿಗೆ ಎಳೆದು ಗಂಟು ಹಾಕಿ ಚುಕ್ಕಿಯಷ್ಟು ಅಂಟು ಹಚ್ಚಿರಿ. ನಂತರ 14×19 ಸೆಂ.ಮೀ. ತೆಳು ಹಾಳೆಯನ್ನು ಒಳಗೆ ಅಂಟಿಸಿದರೆ ಗಂಟುಗಳು ಮರೆಯಾಗುತ್ತವೆ, ಬರೆಯಲೂ ಜಾಗವಾಗುತ್ತದೆ. ಎರಡನೆಯ ಗೆರೆ ಬೇಕಿದ್ದರೆ 5 ಮಿ.ಮೀ. ಬಿಟ್ಟು ಹೊಲಿಯಿರಿ.

250 ಗ್ರಾಂ ಹಾಳೆಯಾದರೆ ಪತ್ರ 7.5 ಗ್ರಾಂ, ಒಳಹಾಳೆ ಸುಮಾರು 3 ಗ್ರಾಂ, ಲಕೋಟೆ ಸುಮಾರು 4 ಗ್ರಾಂ ತೂಗುತ್ತವೆ. ಒಟ್ಟು 20 ಗ್ರಾಂ ಮೀರದಿದ್ದರೆ ಅಂಚೆಯ ಮೊದಲ ದರದಲ್ಲೇ ಹೋಗುತ್ತದೆ.

ಮಳೆಗಾಲದಲ್ಲಿ ಎಚ್ಚರಿಕೆ

ಬೇಲೂರಿನ ಕಡೆ ಮಳೆಗಾಲದಲ್ಲಿ ಕೈಕಾಗದ ತೇವ ಹೀರಿ ಸುಕ್ಕಾಗುತ್ತದೆ. ಅಂಥ ಕಾಗದ ಸೂಜಿಗೆ ಬೇಗ ಸೀಳುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲದಿಂದ ಎತ್ತರದಲ್ಲಿ ಹಲಗೆಯ ಕೆಳಗೆ ಸಮನಾಗಿಡಿರಿ. ಅರಸೀಕೆರೆಯಂಥ ಒಣ ಸೀಮೆಯಲ್ಲಿ ಈ ತೊಂದರೆ ಕಡಿಮೆ.

ಬೆಲೆ ಮತ್ತು ಮಾರಾಟ

ಮನೆಯಲ್ಲಿ ಕುಳಿತು ಮಾಡಿದ ಕೆಲಸಕ್ಕೆ ಕೂಲಿ ಹಿಡಿಯದಿರುವುದು ಸಾಮಾನ್ಯ. ಇದರಿಂದ ಲಾಭವೆಂದು ಕಂಡದ್ದು ನಷ್ಟವಾಗಿರುತ್ತದೆ. ಲೆಕ್ಕದ ರೀತಿ ತೋರಿಸಲು ಒಂದು ಉದಾಹರಣೆ: ನೂರು ಪತ್ರಗಳ ಸಾಮಗ್ರಿಗೆ ರೂ. 1,000 ಆಯಿತೆನ್ನಿ. ಗಂಟೆಗೆ 5 ಪತ್ರದಂತೆ 20 ಗಂಟೆ ಬೇಕು, ಗಂಟೆಗೆ ರೂ. 50 ಹಿಡಿದರೆ ಕೂಲಿಯೂ ರೂ. 1,000. ಹತ್ತು ಪತ್ರ ಕೆಟ್ಟರೆ ರೂ. 2,000ವನ್ನು 90ರಿಂದ ಭಾಗಿಸಬೇಕು. ಪತ್ರವೊಂದಕ್ಕೆ ರೂ. 22 ತಗಲಿದಂತಾಯಿತು. ಇಪ್ಪತ್ತಕ್ಕೆ ಮಾರಿದರೆ ದುಡಿಮೆಯನ್ನು ಬಿಟ್ಟಿ ಕೊಟ್ಟಂತೆ. ನಿಮ್ಮ ಊರಿನ ದರಗಳನ್ನು ಹಾಕಿ ಲೆಕ್ಕ ಮಾಡಿರಿ.

ಮೊಬೈಲ್ ಬಂದ ಮೇಲೆ ಹಬ್ಬದ ಶುಭಾಶಯ ಪತ್ರ ಕಳುಹಿಸುವವರು ಕಡಿಮೆಯಾಗಿದ್ದಾರೆ. ಆದುದರಿಂದ ಸಾವಿರಗಟ್ಟಲೆ ಮಾಡಿಟ್ಟು ಗಿರಾಕಿಗೆ ಕಾಯಬಾರದು. ಮದುವೆಯ ಉಡುಗೊರೆ ಲಕೋಟೆ, ಆಹ್ವಾನ ಪತ್ರ, ಪ್ರವಾಸಿಗರಿಗೆ ನೆನಪಿನ ಪತ್ರ ಇವುಗಳಿಗೆ ಬೇಡಿಕೆ ಹುಡುಕಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಊರಿನ ಅಂಗಡಿ, ಹೋಟೆಲುಗಳಿಗೆ ಹತ್ತು ಮಾದರಿ ತೋರಿಸಿ ಬೇಡಿಕೆ ಪಡೆದ ನಂತರವೇ ಹಾಳೆ ಕೊಳ್ಳಿರಿ. ದೇವಾಲಯದ ಆವರಣದಲ್ಲಿ ಅನುಮತಿಯಿಲ್ಲದೆ ಮಾರಬಾರದು.

ಈ ಕೆಲಸಕ್ಕಾಗಿಯೇ ಸಾಲ ಮಾಡಿ ಹೊಸ ಯಂತ್ರ ಕೊಳ್ಳುವುದು ಸಲ್ಲದು. ಸ್ತ್ರೀಶಕ್ತಿ ಗುಂಪಿನ ಸದಸ್ಯೆಯರು ಇರುವ ಯಂತ್ರದಲ್ಲೇ ಕತ್ತರಿಸುವುದು, ಚುಚ್ಚುವುದು, ಹೊಲಿಯುವುದು, ಅಂಟಿಸುವುದು ಎಂದು ಕೆಲಸ ಹಂಚಿಕೊಳ್ಳಬಹುದು. ತರಬೇತಿಗಾಗಿ ಹಾಸನ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಮೊದಲ ತಿಂಗಳು ರದ್ದಿ ಕಾಗದದಲ್ಲಿ ಕೈ ಪಳಗಿಸಿಕೊಂಡು, ಹತ್ತಕ್ಕೆ ಒಂಬತ್ತು ಪತ್ರ ಚೊಕ್ಕಟವಾಗಿ ಬರತೊಡಗಿದ ಮೇಲೆ ಒಳ್ಳೆಯ ಹಾಳೆಗೆ ಕೈಹಾಕುವುದು ಉತ್ತಮ.